ಆಶ್ವಿಟ್ಜ್ ಭೇಟಿ: ಯಾತ್ರಿಕರು ಹೊರಡುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಯೂರೋಪಿನ ಪುಣ್ಯಕ್ಷೇತ್ರಗಳಿಗೆ ಹೊರಡುವ ನಮ್ಮ ಕರಾವಳಿಯ ಯಾತ್ರಿಕರ ತಂಡಗಳು ರೋಮ್, ಲೂರ್ದ್, ಫಾತಿಮಾಗಳ ಜೊತೆಗೆ ಪೋಲೆಂಡಿಗೂ ಹೋಗುವುದುಂಟು. ಕ್ರಾಕೋವ್ ನಗರದ ದೈವಿಕ ಕರುಣೆಯ ಪುಣ್ಯಕ್ಷೇತ್ರ, ಸಂತ ಎರಡನೇ ಜಾನ್ ಪಾಲರು ಹುಟ್ಟಿದ ವಾಡೋವಿತ್ಸೆ ಪಟ್ಟಣ, ಚೆನ್‌ಸ್ಟೊಹೋವಾದ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರ ಇವುಗಳ ನಡುವೆ ಪ್ರವಾಸದ ಪಟ್ಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ‘ಆಶ್ವಿಟ್ಜ್ ವೀಕ್ಷಣೆ, ಅರ್ಧ ದಿನ’. 2016ರ ಜುಲೈ ತಿಂಗಳಲ್ಲಿ ಕ್ರಾಕೋವಿನಲ್ಲಿ ವಿಶ್ವ ಯುವಜನ ದಿನಾಚರಣೆ ನಡೆದ ಬಳಿಕ ಈ ಹೆಸರು ನಮ್ಮ ಯುವಜನರಿಗೂ ಹೆಚ್ಚು ಪರಿಚಿತವಾಗಿದೆ.

ಉಳಿದ ಸ್ಥಳಗಳಿಗೆ ನಾವು ಭಕ್ತರಾಗಿ ಹೋಗುತ್ತೇವೆ. ಅಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಣದ ಬತ್ತಿ ಹಚ್ಚುತ್ತೇವೆ, ಜಪಸರ ಮಾಡುತ್ತೇವೆ, ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತೇವೆ. ಆದರೆ ಆಶ್ವಿಟ್ಜ್ ಪುಣ್ಯಕ್ಷೇತ್ರವಲ್ಲ, ಪ್ರೇಕ್ಷಣೀಯ ಸ್ಥಳವೂ ಅಲ್ಲ. ಸುಮಾರು 11 ಲಕ್ಷ ಜನರನ್ನು ಕೊಂದ ಜಾಗ ಅದು. ಅಲ್ಲಿಗೆ ಹೋಗುವವರು ಹೇಗೆ ಹೋಗಬೇಕು, ಏನು ತಿಳಿದಿರಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾತ್ರೆ ಏರ್ಪಡಿಸುವ ಗುರುಗಳು, ಧರ್ಮಕೇಂದ್ರದ ಮುಖಂಡರು ಮತ್ತು ಯಾತ್ರಿಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಇದು ಎಂಥ ಸ್ಥಳ?

ಕ್ರಾಕೋವಿನಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಗಂಟೆಯ ಬಸ್ಸಿನ ಹಾದಿಯಲ್ಲಿ ಓಶ್ವಿಯೆಂಚಿಮ್ ಎಂಬ ಪಟ್ಟಣವಿದೆ. ಇದಕ್ಕೆ ಜರ್ಮನರು ಕೊಟ್ಟ ಹೆಸರೇ ಆಶ್ವಿಟ್ಜ್. ಯುದ್ಧಕ್ಕೆ ಮೊದಲು ಈ ಪಟ್ಟಣದ ಅರ್ಧಕ್ಕಿಂತ ಹೆಚ್ಚು ನಿವಾಸಿಗಳು ಯೆಹೂದ್ಯರಾಗಿದ್ದರು. ಅವರ ಪ್ರಾರ್ಥನಾ ಮಂದಿರಗಳಲ್ಲಿ ಇಂದು ಒಂದು ಮಾತ್ರ ಉಳಿದಿದೆ. ಅದರ ಪಕ್ಕದಲ್ಲಿ 2000ರಲ್ಲಿ ಯೆಹೂದ್ಯ ಕೇಂದ್ರವೊಂದು ತೆರೆಯಿತು.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಮರುವರ್ಷ ಈ ಪಟ್ಟಣದ ಹಳೆಯ ಸೇನಾ ವಸತಿಗಳಲ್ಲಿ ನಾಜಿಗಳು ಯಾತನಾ ಶಿಬಿರವನ್ನು ತೆರೆದರು. 1940ರ ಜೂನ್ 14ರಂದು ಟಾರ್ನೂವ್ ಸೆರೆಮನೆಯಿಂದ 728 ಪೋಲಿಷ್ ರಾಜಕೀಯ ಕೈದಿಗಳನ್ನು ಇಲ್ಲಿಗೆ ತರಲಾಯಿತು. 1941ರಲ್ಲಿ ಸುಮಾರು 3 ಕಿಲೋಮೀಟರ್ ದೂರದ ಬ್ಜೆಜಿಂಕಾ ಹಳ್ಳಿಯಲ್ಲಿ ಇನ್ನೂ ದೊಡ್ಡ ಶಿಬಿರದ ನಿರ್ಮಾಣ ಆರಂಭವಾಯಿತು. ಬಿರ್ಕೆನಾವ್ ಎನ್ನುವುದು ಇದನ್ನೇ. 1943ರ ಹೊತ್ತಿಗೆ ಇಲ್ಲಿ ವಿಷಾನಿಲ ಕೋಣೆಗಳೂ ಶವ ಸುಡುವ ಕುಲುಮೆಗಳೂ ಇದ್ದ ನಾಲ್ಕು ದೊಡ್ಡ ಕಟ್ಟಡಗಳು ಸಿದ್ಧವಾದವು.

ಯೂರೋಪಿನ ಮೂಲೆಮೂಲೆಗಳಿಂದ ಸರಕು ಸಾಗಿಸುವ ರೈಲು ಡಬ್ಬಿಗಳಲ್ಲಿ ಯೆಹೂದ್ಯ ಕುಟುಂಬಗಳನ್ನು ತುಂಬಿ ತರುತ್ತಿದ್ದರು. ರೈಲಿನಿಂದ ಇಳಿದ ಕೂಡಲೇ ದುಡಿಯಬಲ್ಲವರನ್ನು ಒಂದು ಕಡೆಗೆ, ಉಳಿದವರನ್ನು ಇನ್ನೊಂದು ಕಡೆಗೆ ನಿಲ್ಲಿಸುತ್ತಿದ್ದರು. ವೃದ್ಧರು, ರೋಗಿಗಳು, ಮಕ್ಕಳು, ಮಕ್ಕಳನ್ನೆತ್ತಿಕೊಂಡ ತಾಯಂದಿರು ಅಂದೇ ವಿಷಾನಿಲಕ್ಕೆ ಬಲಿಯಾಗುತ್ತಿದ್ದರು. ಅವರ ಹೆಸರನ್ನು ಶಿಬಿರದ ದಾಖಲೆಯಲ್ಲಿ ಬರೆಯುತ್ತಲೂ ಇರಲಿಲ್ಲ. 1944ರ ಮೇ ತಿಂಗಳಿಂದ ಜುಲೈವರೆಗಿನ ಅಲ್ಪ ಅವಧಿಯಲ್ಲೇ ಹಂಗೆರಿಯಿಂದ 4 ಲಕ್ಷಕ್ಕೂ ಹೆಚ್ಚು ಯೆಹೂದ್ಯರನ್ನು ಇಲ್ಲಿಗೆ ತರಲಾಯಿತು.

1945ರ ಜನವರಿ 27ರಂದು ಸೋವಿಯತ್ ಸೇನೆ ಇಲ್ಲಿಗೆ ತಲುಪಿದಾಗ ಉಳಿದಿದ್ದವರು ಸುಮಾರು 7,000 ಮಂದಿ. ಅದಕ್ಕೆ ಕೆಲವೇ ದಿನಗಳ ಮೊದಲು ಸುಮಾರು 56,000 ಕೈದಿಗಳನ್ನು ಕೊರೆಯುವ ಚಳಿಯಲ್ಲಿ ಕಾಲ್ನಡಿಗೆಯಲ್ಲಿ ಹೊರಡಿಸಲಾಗಿತ್ತು. ಸಾವಿರಾರು ಮಂದಿ ದಾರಿಯಲ್ಲೇ ಸತ್ತರು. 1947ರಲ್ಲಿ ಪೋಲೆಂಡ್ ಸರ್ಕಾರ ಎರಡೂ ಶಿಬಿರಗಳನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿತು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನವರಿ 27ನ್ನು ನರಮೇಧದ ಬಲಿಪಶುಗಳ ಸ್ಮರಣೆಯ ಅಂತರರಾಷ್ಟ್ರೀಯ ದಿನವಾಗಿ ಆಚರಿಸಲು ವಿಶ್ವಸಂಸ್ಥೆ 2005ರಲ್ಲಿ ನಿರ್ಣಯಿಸಿತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಲವರು ಇದನ್ನು ‘ಪೋಲೆಂಡಿನವರ ಶಿಬಿರ’ ಎನ್ನುವುದುಂಟು. ಇದು ತಪ್ಪು. ಶಿಬಿರ ಇದ್ದದ್ದು ಪೋಲೆಂಡಿನ ನೆಲದಲ್ಲಿ, ಆದರೆ ಅದನ್ನು ಕಟ್ಟಿ ನಡೆಸಿದವರು ಜರ್ಮನ್ ನಾಜಿಗಳು. ಈ ತಪ್ಪು ಮಾತು ಪೋಲೆಂಡಿನ ಜನರಿಗೆ ಬಹಳ ನೋವುಂಟು ಮಾಡುತ್ತದೆ. ಇದೇ ಕಾರಣದಿಂದ 2007ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿನ ಹೆಸರಿಗೆ ‘ಜರ್ಮನ್ ನಾಜಿ’ ಎಂಬ ಪದಗಳನ್ನು ಸೇರಿಸಲಾಯಿತು.

ಅಲ್ಲಿ ಸತ್ತವರು ಯಾರು?

ಸುಮಾರು 13 ಲಕ್ಷ ಜನರನ್ನು ಆಶ್ವಿಟ್ಜ್‌ಗೆ ತರಲಾಗಿತ್ತು. ಅವರಲ್ಲಿ ಸುಮಾರು 11 ಲಕ್ಷ ಮಂದಿ ಸತ್ತರು. ಸತ್ತವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದ್ಯರು. 70,000ಕ್ಕೂ ಹೆಚ್ಚು ಪೋಲಿಷ್ ಜನರು, ಸುಮಾರು 21,000 ರೋಮಾ ಜನಾಂಗದವರು, 14,000ಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳು ಮತ್ತು ಇತರ ದೇಶಗಳ ಸಾವಿರಾರು ಮಂದಿ ಉಳಿದವರು. ಇಲ್ಲಿಗೆ ತಂದವರಲ್ಲಿ ಸುಮಾರು 2,32,000 ಮಂದಿ ಮಕ್ಕಳು ಮತ್ತು ಹದಿಹರೆಯದವರು.

ಈ ಅಂಕಿಗಳನ್ನು ಯಾತ್ರಿಕರು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ಒಂದನ್ನು ಮರೆಯಬಾರದು: ಇಲ್ಲಿ ಸತ್ತ ಪ್ರತಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಯೆಹೂದ್ಯರು. ಅವರನ್ನು ಕೊಂದದ್ದು ಅವರು ಮಾಡಿದ ಯಾವುದೇ ಕೃತ್ಯಕ್ಕಾಗಿ ಅಲ್ಲ, ಯೆಹೂದ್ಯರಾಗಿ ಹುಟ್ಟಿದ ಕಾರಣಕ್ಕಾಗಿ.

ಧರ್ಮಸಭೆಯ ಇಬ್ಬರು ಸಂತರು

ನಮ್ಮ ಯಾತ್ರಿಕರು ಆಶ್ವಿಟ್ಜ್‌ಗೆ ಹೋಗುವುದು ಹೆಚ್ಚಾಗಿ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹೆಸರಿನಿಂದ. ಇವರು ಪೋಲೆಂಡಿನ ಫ್ರಾನ್ಸಿಸ್ಕನ್ ಗುರುಗಳು. ನಿಯೆಪೊಕಲಾನೂವ್ ಎಂಬಲ್ಲಿ 1927ರಲ್ಲಿ ದೊಡ್ಡ ಮಠವನ್ನೂ ಮುದ್ರಣಾಲಯವನ್ನೂ ಕಟ್ಟಿದರು. ಜಪಾನಿನ ನಾಗಸಾಕಿಯಲ್ಲಿ ಸೇವೆ ಮಾಡಿದರು. ಅಲ್ಲಿಂದ 1932ರಲ್ಲಿ ನಮ್ಮ ನೆರೆಯ ಮಲಬಾರಿಗೂ ಬಂದು ಹೋಗಿದ್ದರು. 1941ರ ಮೇ ತಿಂಗಳ ಕೊನೆಯಲ್ಲಿ ಅವರು ಆಶ್ವಿಟ್ಜ್‌ನ 16670ನೇ ಕೈದಿಯಾದರು. ಅದೇ ವರ್ಷ ಜುಲೈ ಕೊನೆಯಲ್ಲಿ ಕೈದಿಯೊಬ್ಬ ತಪ್ಪಿಸಿಕೊಂಡದ್ದಕ್ಕೆ ಪ್ರತೀಕಾರವಾಗಿ ಹತ್ತು ಮಂದಿಯನ್ನು ಉಪವಾಸವಿಟ್ಟು ಕೊಲ್ಲಲು ಆರಿಸಲಾಯಿತು. ಅವರಲ್ಲಿ ಫ್ರಾನ್ಸಿಶೆಕ್ ಗಾಯೋವ್ನಿಚೆಕ್ ಎಂಬವರು ಹೆಂಡತಿ ಮಕ್ಕಳನ್ನು ನೆನೆದು ಅತ್ತರು. ಕೋಲ್ಬೆಯವರು ಸಾಲಿನಿಂದ ಹೊರಬಂದು ಆತನ ಬದಲಿಗೆ ತನ್ನನ್ನು ತೆಗೆದುಕೊಳ್ಳಿ ಎಂದರು. 11ನೇ ಕಟ್ಟಡದ ನೆಲಮಾಳಿಗೆಯ 18ನೇ ಕೋಣೆಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಬದುಕಿ ಉಳಿದ ಅವರನ್ನು ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ಕೊಟ್ಟು ಕೊಂದರು. 1982ರ ಅಕ್ಟೋಬರ್ 10ರಂದು ಅವರನ್ನು ಸಂತರೆಂದು ಘೋಷಿಸಿದಾಗ ಗಾಯೋವ್ನಿಚೆಕ್ ಅವರೂ ಅಲ್ಲಿದ್ದರು. 1995ರಲ್ಲಿ, ತಮ್ಮ 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಯಾತ್ರಿಕರಿಗೆ ಹೇಳುವುದು ಒಳ್ಳೆಯದು. ಯುದ್ಧಕ್ಕೆ ಮೊದಲು ಕೋಲ್ಬೆಯವರು ಆರಂಭಿಸಿದ್ದ ಪತ್ರಿಕೆಗಳಲ್ಲಿ ಯೆಹೂದ್ಯರ ವಿರುದ್ಧದ ಬರಹಗಳು ಬಂದದ್ದುಂಟು. ಯುದ್ಧ ಶುರುವಾದ ಬಳಿಕ ಅವರದೇ ಮಠ ಯೆಹೂದ್ಯರೂ ಸೇರಿದಂತೆ ಸಾವಿರಾರು ನಿರಾಶ್ರಿತರಿಗೆ ಆಶ್ರಯ ಕೊಟ್ಟದ್ದೂ ನಿಜ. ಎರಡನ್ನೂ ತಿಳಿದುಕೊಂಡರೆ ಸಂತರ ತ್ಯಾಗದ ಬೆಲೆ ಕಡಿಮೆಯಾಗುವುದಿಲ್ಲ.

ಎರಡನೆಯವರು ಸಂತ ಎಡಿತ್ ಸ್ಟೈನ್. 1891ರಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ತತ್ವಶಾಸ್ತ್ರದಲ್ಲಿ ವಿದ್ವಾಂಸರಾಗಿ, 1922ರಲ್ಲಿ ಸ್ನಾನದೀಕ್ಷೆ ಪಡೆದು, ಮುಂದೆ ಕಾರ್ಮೆಲ್ ಮಠ ಸೇರಿದವರು. ಯೆಹೂದ್ಯರನ್ನು ಗಡೀಪಾರು ಮಾಡುವುದನ್ನು ಖಂಡಿಸಿ ಹಾಲೆಂಡಿನ ಬಿಷಪರು ಬರೆದ ಪಾಲನಾ ಪತ್ರವನ್ನು 1942ರ ಜುಲೈ 26ರಂದು ಚರ್ಚುಗಳಲ್ಲಿ ಓದಲಾಯಿತು. ಅದಕ್ಕೆ ಪ್ರತೀಕಾರವಾಗಿ ನಾಜಿಗಳು ಯೆಹೂದ್ಯ ಮೂಲದ ಕಥೋಲಿಕರನ್ನು ಬಂಧಿಸಿದರು. ಆಗಸ್ಟ್ 9ರಂದು ಎಡಿತ್ ಮತ್ತು ಅವರ ಸಹೋದರಿ ರೋಸಾ ಬಿರ್ಕೆನಾವಿನಲ್ಲಿ ಮೃತರಾದರು. 1998ರಲ್ಲಿ ಎಡಿತ್ ಅವರನ್ನು ಸಂತರೆಂದು ಘೋಷಿಸಲಾಯಿತು. ಧರ್ಮಸಭೆ ಅವರನ್ನು ರಕ್ತಸಾಕ್ಷಿಯೆಂದು ಗೌರವಿಸುತ್ತದೆ. ಆದರೆ ನಾಜಿಗಳು ಅವರನ್ನು ರೈಲು ಹತ್ತಿಸಿದ್ದು ಅವರು ಯೆಹೂದ್ಯರಾಗಿ ಹುಟ್ಟಿದ್ದರಿಂದ ಎಂಬುದನ್ನೂ ನೆನಪಿಡಬೇಕು.

ಸಂತರನ್ನು ನೆನೆಯುವ ನಾವು ಇನ್ನೊಬ್ಬನನ್ನೂ ನೆನೆಯಬೇಕಾಗುತ್ತದೆ. ಶಿಬಿರದ ಮೊದಲ ಮುಖ್ಯಾಧಿಕಾರಿ ರುಡಾಲ್ಫ್ ಹೆಸ್ ಕಥೋಲಿಕ ಮನೆಯಲ್ಲಿ ಬೆಳೆದವನು. ಮುಂದೆ ಧರ್ಮಸಭೆಯನ್ನು ತೊರೆದು ನಾಜಿಯಾದ. ಮರಣದಂಡನೆಗೆ ಕೆಲವು ದಿನ ಮೊದಲು ಯೇಸುಸಭೆಯ ಗುರುವೊಬ್ಬರ ಬಳಿ ಪಾಪನಿವೇದನೆ ಮಾಡಿದ. 1947ರ ಏಪ್ರಿಲ್ 16ರಂದು ಅದೇ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಗಲ್ಲುಗಂಬ ಇಂದಿಗೂ ಅಲ್ಲಿದೆ. ಸ್ನಾನದೀಕ್ಷೆ ಪಡೆದವರು ಅಲ್ಲಿ ಸಂತರೂ ಆದರು, ಕೊಲೆಗಾರರೂ ಆದರು.

ನಾವು ಮಾಡಿದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಯಾತ್ರಿಕರ ತಂಡವೊಂದನ್ನು ನಾವೇ ಕರೆದುಕೊಂಡು ಹೋಗಿದ್ದೆವು. ಹೊರಡುವ ಮೊದಲು ಎಲ್ಲರಿಗೂ ಕೋಲ್ಬೆಯವರ ಜೀವನ ಚರಿತ್ರೆಯ ಪುಟ್ಟ ಪುಸ್ತಕ ಹಂಚಿದ್ದೆವು. 18ನೇ ಕೋಣೆಯ ಮುಂದೆ ನಮ್ಮವರಲ್ಲಿ ಅನೇಕರು ಕಣ್ಣೀರು ಹಾಕಿದರು. ಅಲ್ಲಿಂದ ಬಿರ್ಕೆನಾವಿಗೆ ಬಂದಾಗ ಕೆಲಸ ಮುಗಿಯಿತೆಂಬ ಭಾವನೆ ಎಲ್ಲರಲ್ಲಿಯೂ ಇತ್ತು. ಸ್ಮಾರಕದ ಬಳಿ ಯಾರೋ ಚೀಲದಿಂದ ನಮ್ಮ ಯಾತ್ರೆಯ ಬ್ಯಾನರ್ ತೆಗೆದರು. ಗುಂಪು ಫೋಟೊಗಾಗಿ ಎತ್ತರದವರು ಹಿಂದೆ, ಗಿಡ್ಡದವರು ಮುಂದೆ ಎಂದು ಸಾಲು ಮಾಡಲು ಶುರುವಾಯಿತು. ಯಾರೋ ಕೊಂಕಣಿ ಕೀರ್ತನೆಯೊಂದನ್ನೂ ಎತ್ತಿಕೊಂಡರು.

ಸ್ವಲ್ಪ ದೂರದಲ್ಲಿ ವೃದ್ಧರೊಬ್ಬರು ಕೈಯಲ್ಲಿ ಒಂದು ಕಾಗದ ಹಿಡಿದು ತಗ್ಗಿದ ಸ್ವರದಲ್ಲಿ ಏನನ್ನೋ ಓದುತ್ತಿದ್ದರು. ನಮ್ಮ ಗದ್ದಲ ಕೇಳಿ ಓದುವುದನ್ನು ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ, ಏನೂ ಹೇಳಲಿಲ್ಲ. ನಾವು ಮುಗಿಸುವುದನ್ನೇ ಕಾಯುತ್ತಾ ನಿಂತರು. ನಮ್ಮ ಮಾರ್ಗದರ್ಶಕಿ ಹತ್ತಿರ ಬಂದು ಬ್ಯಾನರ್ ಮಡಚಲು ಹೇಳಿದರು. ಆ ವೃದ್ಧರು ಓದುತ್ತಿದ್ದದ್ದು ಅವರ ಮನೆಯವರ ಹೆಸರುಗಳನ್ನು ಎಂದರು.

ಬ್ಯಾನರ್ ಮಡಚಿದೆವು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ತಪ್ಪು ಯಾತ್ರಿಕರದ್ದಲ್ಲ, ನಮ್ಮದು. ಒಬ್ಬ ಸಂತರ ಬಗ್ಗೆ ಪುಸ್ತಕ ಕೊಟ್ಟಿದ್ದೆವು, ಆ ಹತ್ತು ಲಕ್ಷ ಮಂದಿಯ ಬಗ್ಗೆ ಒಂದು ಪುಟವನ್ನೂ ಕೊಟ್ಟಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮಠ ಮತ್ತು ಶಿಲುಬೆಯ ಪ್ರಸಂಗ

ನಮ್ಮ ತಪ್ಪು ಚಿಕ್ಕದು. ಇದೇ ಬಗೆಯ ದೊಡ್ಡ ಪ್ರಸಂಗವೊಂದು ಅಲ್ಲಿ ಹಿಂದೆಯೇ ನಡೆದಿದೆ. 1984ರಲ್ಲಿ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಶಿಬಿರದ ಬೇಲಿಗೆ ತಾಗಿಕೊಂಡಿದ್ದ ಹಳೆಯ ಕಟ್ಟಡವೊಂದರಲ್ಲಿ ಮಠ ಆರಂಭಿಸಿದರು. ಸತ್ತವರಿಗಾಗಿ ಪ್ರಾರ್ಥಿಸುವುದು ಅವರ ಉದ್ದೇಶವಾಗಿತ್ತು. ಆದರೆ ಆ ಕಟ್ಟಡದಲ್ಲಿ ನಾಜಿಗಳು ವಿಷಾನಿಲದ ಡಬ್ಬಗಳನ್ನು ದಾಸ್ತಾನು ಇಟ್ಟಿದ್ದರು. ಲೋಕದ ಎಲ್ಲೆಡೆಯ ಯೆಹೂದ್ಯರಿಗೆ ಇದರಿಂದ ನೋವಾಯಿತು. ನಮ್ಮವರು ಸತ್ತ ಜಾಗದ ಗುರುತನ್ನೇ ಬದಲಿಸುತ್ತಿದ್ದಾರೆ ಎಂದು ಅವರಿಗೆ ಅನಿಸಿತು. 1987ರಲ್ಲಿ ಜಿನೀವಾದಲ್ಲಿ ಕಥೋಲಿಕ ಮತ್ತು ಯೆಹೂದ್ಯ ಮುಖಂಡರು ಸೇರಿ ಮಠವನ್ನು ಬೇರೆಡೆಗೆ ಸಾಗಿಸುವ ಒಪ್ಪಂದ ಮಾಡಿಕೊಂಡರು. ಗೊತ್ತುಪಡಿಸಿದ ಅವಧಿಯೊಳಗೆ ಅದು ಆಗಲಿಲ್ಲ. ಕಹಿ ಬೆಳೆಯಿತು. ಕೊನೆಗೆ 1993ರಲ್ಲಿ ಪೋಪ್ ಎರಡನೇ ಜಾನ್ ಪಾಲರು ತಾವೇ ಧರ್ಮಭಗಿನಿಯರಿಗೆ ಪತ್ರ ಬರೆದ ಮೇಲೆ ಅವರು ಸ್ಥಳಾಂತರಗೊಂಡರು.

ಅದೇ ಕಟ್ಟಡದ ಪಕ್ಕದ ಜಾಗದಲ್ಲಿ ದೊಡ್ಡ ಶಿಲುಬೆಯೊಂದನ್ನು ನಿಲ್ಲಿಸಲಾಗಿತ್ತು. 1998ರಲ್ಲಿ ಕೆಲವರು ಅದರ ಸುತ್ತ ನೂರಾರು ಶಿಲುಬೆಗಳನ್ನು ನೆಟ್ಟರು. ಪೋಲೆಂಡಿನ ಬಿಷಪರೇ ಇದನ್ನು ಒಪ್ಪಲಿಲ್ಲ. 1999ರಲ್ಲಿ ಸರ್ಕಾರ ಅವುಗಳನ್ನು ತೆಗೆಸಿತು, ದೊಡ್ಡ ಶಿಲುಬೆ ಮಾತ್ರ ಉಳಿಯಿತು.

ಧರ್ಮಭಗಿನಿಯರ ಪ್ರಾರ್ಥನೆ ಕೆಟ್ಟದ್ದಾಗಿರಲಿಲ್ಲ. ಆದರೆ ಸಾವಿನ ಮನೆಗೆ ಹೋದಾಗ ನಮ್ಮ ಊರಲ್ಲಿ ನಾವು ಏನು ಮಾಡುತ್ತೇವೆ? ಮನೆಯವರ ಸಂಪ್ರದಾಯವನ್ನು ನೋಡಿ ನಡೆದುಕೊಳ್ಳುತ್ತೇವೆ. ಹಿಂದೂ ಬಾಂಧವರ ಮನೆಯಲ್ಲಿ ಹೆಣದ ಮುಂದೆ ನಿಂತು ನಮ್ಮ ಕೀರ್ತನೆ ಹಾಡುವುದಿಲ್ಲ. ಕೈಮುಗಿದು, ಸುಮ್ಮನೆ ನಿಂತು, ಮನಸ್ಸಿನಲ್ಲೇ ಪ್ರಾರ್ಥಿಸಿ ಬರುತ್ತೇವೆ. ಆಶ್ವಿಟ್ಜ್‌ನಲ್ಲಿ ನಾವು ಅತಿಥಿಗಳು. ಆ ಮನೆ ಬೇರೆಯವರದ್ದು.

ಮೂವರು ಪೋಪರು ಹೇಗೆ ಹೋದರು?

ಎರಡನೇ ಜಾನ್ ಪಾಲರು 1979ರ ಜೂನ್ 7ರಂದು ಬಿರ್ಕೆನಾವಿನಲ್ಲಿ ಬಲಿಪೂಜೆ ಅರ್ಪಿಸಿದರು. ಸ್ಮಾರಕದಲ್ಲಿ ಬೇರೆಬೇರೆ ಭಾಷೆಗಳಲ್ಲಿರುವ ಫಲಕಗಳ ಪೈಕಿ ಹೀಬ್ರೂ ಫಲಕದ ಮುಂದೆ ನಿಂತು, ಇದನ್ನು ಯಾರೂ ಉದಾಸೀನದಿಂದ ದಾಟಿ ಹೋಗುವಂತಿಲ್ಲ ಎಂದು ಹೇಳಿದರು. ಹದಿನಾರನೇ ಬೆನೆಡಿಕ್ಟರು 2006ರ ಮೇ 28ರಂದು ಹೋದರು. ಜರ್ಮನಿಯಲ್ಲಿ ಹುಟ್ಟಿದ ಅವರು ಶಿಬಿರದ ಬಾಗಿಲನ್ನು ಒಬ್ಬರೇ ನಡೆದು ದಾಟಿದರು. ಪೋಪ್ ಫ್ರಾನ್ಸಿಸರು 2016ರ ಜುಲೈ 29ರಂದು ಹೋದಾಗ ಭಾಷಣವನ್ನೇ ಮಾಡಲಿಲ್ಲ. ಬೆಂಚಿನ ಮೇಲೆ ಕುಳಿತು ಮೌನವಾಗಿ ಪ್ರಾರ್ಥಿಸಿದರು. ಕೋಲ್ಬೆಯವರ ಕೋಣೆಯ ಕತ್ತಲಲ್ಲಿ ಒಬ್ಬರೇ ಕುಳಿತರು. ಬದುಕುಳಿದ ವೃದ್ಧರ ಕೈ ಹಿಡಿದರು. ಸಂದರ್ಶಕರ ಪುಸ್ತಕದಲ್ಲಿ ಇಷ್ಟೊಂದು ಕ್ರೌರ್ಯಕ್ಕಾಗಿ ದೇವರ ಕ್ಷಮೆ ಬೇಡಿ ಎರಡು ಸಾಲು ಬರೆದರು. ನಮ್ಮ ಯಾತ್ರಿಕರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಾಗಿಲ್ಲ.

ಹೊರಡುವ ಮೊದಲು ಮಾಡಬೇಕಾದದ್ದು

1. ಪ್ರವೇಶಪತ್ರ: ಆವರಣಕ್ಕೆ ಪ್ರವೇಶ ಉಚಿತ. ಆದರೆ ಪ್ರವೇಶಪತ್ರವನ್ನು ವಸ್ತುಸಂಗ್ರಹಾಲಯದ ಅಧಿಕೃತ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ತಂಡಗಳು ಅಲ್ಲಿಯದೇ ಮಾರ್ಗದರ್ಶಕರನ್ನು ಪಡೆಯಬೇಕು, ಇದಕ್ಕೆ ಶುಲ್ಕವಿದೆ. ಬೇಸಿಗೆಯಲ್ಲಿ ಜನ ಬಹಳ. 2019ರಲ್ಲಿ 23 ಲಕ್ಷ ಮಂದಿ ಭೇಟಿ ಕೊಟ್ಟಿದ್ದರು. ಆದುದರಿಂದ ತಿಂಗಳುಗಳ ಮೊದಲೇ ವ್ಯವಸ್ಥೆ ಮಾಡಿ. ನಿಯಮಗಳು ಬದಲಾಗುವುದುಂಟು, ಹೊರಡುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ.

2. ಗುರುತಿನ ದಾಖಲೆ ಮತ್ತು ಚೀಲ: ಪ್ರವೇಶಪತ್ರದಲ್ಲಿ ಹೆಸರು ಇರುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ವಿಮಾನ ನಿಲ್ದಾಣದಂತೆ ತಪಾಸಣೆ ಇದೆ. ಪುಟ್ಟ ಕೈಚೀಲಕ್ಕೆ ಮಾತ್ರ ಅವಕಾಶ, ದೊಡ್ಡ ಚೀಲಗಳನ್ನು ಬಸ್ಸಿನಲ್ಲೇ ಬಿಡಿ.

3. ಸಮಯ: ಎರಡೂ ಶಿಬಿರಗಳನ್ನು ನೋಡಲು ಕನಿಷ್ಠ ಮೂರೂವರೆ ಗಂಟೆ ಬೇಕು. ನಡುವೆ ಉಚಿತ ಬಸ್ಸು ಓಡುತ್ತದೆ. ಸಮಯ ಸಾಲದೆಂದು ಬಿರ್ಕೆನಾವನ್ನು ಬಿಟ್ಟು ಬರುವ ತಂಡಗಳಿವೆ. ಹಾಗೆ ಮಾಡಬಾರದು. ಹೆಚ್ಚಿನವರು ಸತ್ತದ್ದು ಅಲ್ಲಿಯೇ. ಅದೇ ದಿನ ಸಂಜೆ ಅಂಗಡಿ ಸುತ್ತುವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

4. ಭಾಷೆ: ಅಲ್ಲಿಯ ವಿವರಣೆ ನಮ್ಮವರಿಗೆ ಸಿಗುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಸರಿಯಾಗಿ ಬಾರದವರು ತಂಡದಲ್ಲಿದ್ದರೆ ಹಿಂದಿನ ರಾತ್ರಿಯೇ ಕನ್ನಡದಲ್ಲೋ ಕೊಂಕಣಿಯಲ್ಲೋ ಅರ್ಧ ಗಂಟೆ ವಿವರಿಸಿ. ಒಳಗೆ ಮಾರ್ಗದರ್ಶಕರು ಮಾತಾಡುವಾಗ ಪಕ್ಕದಲ್ಲಿ ಅನುವಾದ ಮಾಡುತ್ತಾ ಹೋದರೆ ಇತರರಿಗೆ ತೊಂದರೆ.

5. ಉಡುಪು ಮತ್ತು ಹವೆ: ಇಗರ್ಜಿಗೆ ಹೋಗುವಂತೆ ಸಭ್ಯ ಉಡುಪು ಇರಲಿ. ಬಿರ್ಕೆನಾವ್ ಸುಮಾರು 170 ಹೆಕ್ಟೇರಿನ ಬಯಲು, ನೆರಳೂ ಇಲ್ಲ, ಸೂರೂ ಇಲ್ಲ. ಗಟ್ಟಿ ಬೂಟು ಬೇಕು. ಚಳಿಗಾಲದಲ್ಲಿ ಬೆಚ್ಚನೆಯ ಕೋಟು, ಟೋಪಿ, ಕೈಚೀಲಗವಸು ಬೇಕೇ ಬೇಕು.

6. ಹಿರಿಯರು ಮತ್ತು ಮಕ್ಕಳು: ಕಟ್ಟಡಗಳಲ್ಲಿ ಮೆಟ್ಟಿಲುಗಳಿವೆ, ದಾರಿ ಕಲ್ಲಿನದು. ಮಂಡಿನೋವು ಇರುವವರಿಗೆ ಮೊದಲೇ ತಿಳಿಸಿ. 14 ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಕರೆತರದಿರುವುದು ಒಳ್ಳೆಯದೆಂದು ವಸ್ತುಸಂಗ್ರಹಾಲಯವೇ ಸಲಹೆ ಕೊಡುತ್ತದೆ. ಮನಸ್ಸು ಗಟ್ಟಿಯಿಲ್ಲದವರು ಹೊರಗೆ ಉಳಿದರೆ ಯಾರೂ ಹಗುರವಾಗಿ ಕಾಣಬಾರದು.

ಒಳಗೆ ನೀವು ಕಾಣುವುದು

ಮೊದಲ ಶಿಬಿರದ ಬಾಗಿಲ ಮೇಲೆ ‘ದುಡಿಮೆ ಬಿಡುಗಡೆ ಕೊಡುತ್ತದೆ’ ಎಂಬ ಅರ್ಥದ ಜರ್ಮನ್ ಬರಹವಿದೆ. ಒಳಬಂದವರಿಗೆ ಬಿಡುಗಡೆ ಇರಲಿಲ್ಲ. 2009ರ ಡಿಸೆಂಬರಿನಲ್ಲಿ ಕಳ್ಳರು ಈ ಕಬ್ಬಿಣದ ಫಲಕವನ್ನೇ ಕದ್ದು ಮೂರು ತುಂಡು ಮಾಡಿದ್ದರು. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು. ಈಗ ಬಾಗಿಲಲ್ಲಿರುವುದು ಅದರ ಪ್ರತಿಕೃತಿ.

4ನೇ ಕಟ್ಟಡದಲ್ಲಿ ಕೊಲ್ಲಲ್ಪಟ್ಟ ಹೆಂಗಸರಿಂದ ಕತ್ತರಿಸಿದ ಸುಮಾರು ಎರಡು ಟನ್ ಕೂದಲು ಇದೆ. 5ನೇ ಕಟ್ಟಡದಲ್ಲಿ ರಾಶಿ ರಾಶಿ ಪಾದರಕ್ಷೆಗಳು, ಕನ್ನಡಕಗಳು, ಅಡುಗೆ ಪಾತ್ರೆಗಳು, ಅಂಗವಿಕಲರ ಕೃತಕ ಕಾಲುಗಳು ಇವೆ. ಸೂಟ್‌ಕೇಸುಗಳ ಮೇಲೆ ಮಾಲೀಕರ ಹೆಸರು, ಊರು ಬರೆದಿದೆ. ಹಿಂತಿರುಗಿ ಪಡೆಯಬಹುದೆಂಬ ನಂಬಿಕೆಯಿಂದ ಅವರೇ ಬರೆದದ್ದು. 10 ಮತ್ತು 11ನೇ ಕಟ್ಟಡಗಳ ನಡುವಿನ ಅಂಗಳದಲ್ಲಿ ಕೈದಿಗಳನ್ನು ಗುಂಡಿಟ್ಟು ಕೊಂದ ಗೋಡೆ ಇದೆ. 27ನೇ ಕಟ್ಟಡದ ಪ್ರದರ್ಶನದಲ್ಲಿ ಯೂರೋಪಿನಾದ್ಯಂತ ಹತರಾದ ಯೆಹೂದ್ಯರ 40 ಲಕ್ಷಕ್ಕೂ ಹೆಚ್ಚು ಹೆಸರುಗಳಿರುವ ಬೃಹತ್ ಪುಸ್ತಕವಿದೆ. ಮಾರ್ಗದರ್ಶಕರು ಅಲ್ಲಿಗೆ ಕರೆದೊಯ್ಯದಿದ್ದರೆ ಬಿಡುವಿನಲ್ಲಿ ನೀವೇ ಹೋಗಿ ನೋಡಿ.

ಬಿರ್ಕೆನಾವಿನಲ್ಲಿ ನೋಡಲು ವಸ್ತುಗಳು ಹೆಚ್ಚಿಲ್ಲ. ರೈಲು ಹಳಿ, ಇಳಿಸುತ್ತಿದ್ದ ಜಾಗ, ಮರದ ಮತ್ತು ಇಟ್ಟಿಗೆಯ ಗುಡಿಸಲುಗಳು, ಸಾಕ್ಷ್ಯ ನಾಶಮಾಡಲು ನಾಜಿಗಳು ಸಿಡಿಸಿದ ಕಟ್ಟಡಗಳ ಅವಶೇಷಗಳು. ಸುಟ್ಟವರ ಬೂದಿಯನ್ನು ಸುತ್ತಲಿನ ಕೊಳಗಳಿಗೆ, ಹೊಲಗಳಿಗೆ, ನದಿಗೆ ಸುರಿದಿದ್ದರು. ನವೆಂಬರ್ 2ರಂದು ನಾವು ಇಗರ್ಜಿಯ ಸ್ಮಶಾನಕ್ಕೆ ಹೋಗಿ ನಮ್ಮವರ ಗೋರಿಗೆ ಹೂವಿಟ್ಟು ಬತ್ತಿ ಹಚ್ಚುತ್ತೇವೆ. ಇವರಿಗೆ ಅಂಥ ಗೋರಿಯೇ ಇಲ್ಲ. ಕಾಲಿಡುವ ನೆಲವೇ ಗೋರಿ.

ನಡೆದುಕೊಳ್ಳುವ ರೀತಿ

• ಕೂದಲು ಇರುವ ಕೋಣೆಯಲ್ಲಿ ಮತ್ತು 11ನೇ ಕಟ್ಟಡದ ನೆಲಮಾಳಿಗೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಕೋಲ್ಬೆಯವರ ಕೋಣೆ ಇರುವುದೂ ಇದೇ ನೆಲಮಾಳಿಗೆಯಲ್ಲಿ. ಉಳಿದ ಕಡೆ ಅವಕಾಶವಿದೆ, ಆದರೆ ಕಟ್ಟಡಗಳ ಒಳಗೆ ಫ್ಲ್ಯಾಷ್ ಬೇಡ.

• ನಗುತ್ತಾ ಸೆಲ್ಫಿ, ಗುಂಪು ಫೋಟೊ, ಬ್ಯಾನರ್ ಬೇಡವೇ ಬೇಡ. ಸಂದರ್ಶಕರು ರೈಲು ಹಳಿಯ ಮೇಲೆ ಸಮತೋಲನ ಮಾಡಿ ನಡೆಯುವ ಚಿತ್ರಗಳನ್ನು ಕಂಡು 2019ರ ಮಾರ್ಚಿನಲ್ಲಿ ವಸ್ತುಸಂಗ್ರಹಾಲಯವೇ ಹಾಗೆ ಮಾಡಬೇಡಿ ಎಂದು ಬಹಿರಂಗವಾಗಿ ವಿನಂತಿಸಬೇಕಾಯಿತು. 2016ರಲ್ಲಿ ಮೊಬೈಲಿನ ಪೋಕೆಮಾನ್ ಆಟ ಆಡಲು ಬಂದವರನ್ನೂ ತಡೆಯಬೇಕಾಗಿತ್ತು.

• ತಿನ್ನುವುದು, ಸಿಗರೇಟು ಸೇದುವುದು, ಗಟ್ಟಿಯಾಗಿ ಮಾತಾಡುವುದು ಸಲ್ಲದು. ಮೊಬೈಲ್ ಆಫ್ ಮಾಡಿ. ಊರಿಗೆ ವಿಡಿಯೊ ಕರೆ ಮಾಡಿ ‘ಇಲ್ಲಿ ನೋಡಿ’ ಎನ್ನಬೇಡಿ.

• ಗೋಡೆ, ಇಟ್ಟಿಗೆ, ಮರದ ಮೇಲೆ ಹೆಸರು ಕೆತ್ತುವುದು ಅಪರಾಧ. ನೆನಪಿಗೆಂದು ಒಂದು ಕಲ್ಲನ್ನೂ ಹೆಕ್ಕಿ ತರಬೇಡಿ.

• ಅಲ್ಲಲ್ಲಿ ಚಿಕ್ಕ ಕಲ್ಲುಗಳನ್ನು ಜೋಡಿಸಿಟ್ಟದ್ದು ಕಾಣುತ್ತದೆ. ಸತ್ತವರ ನೆನಪಿಗೆ ಕಲ್ಲಿಡುವುದು ಯೆಹೂದ್ಯರ ಸಂಪ್ರದಾಯ. ಅವುಗಳನ್ನು ಕದಲಿಸಬೇಡಿ.

• ಯಾರಾದರೂ ಅಳುತ್ತಿದ್ದರೆ, ಹೆಸರು ಓದುತ್ತಿದ್ದರೆ, ಪ್ರಾರ್ಥಿಸುತ್ತಿದ್ದರೆ ದೂರದಿಂದ ಹಾದು ಹೋಗಿ. ಅವರ ಚಿತ್ರ ತೆಗೆಯಬೇಡಿ.

ಪ್ರಾರ್ಥನೆ ಎಲ್ಲಿ, ಹೇಗೆ?

ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. 18ನೇ ಕೋಣೆಯ ಮುಂದೆ ಸಾಲು ಮುಂದುವರಿಯುತ್ತಲೇ ಇರುತ್ತದೆ, ಅಲ್ಲಿ ನಿಂತು ಸಾಮೂಹಿಕ ಪ್ರಾರ್ಥನೆ ಸಾಧ್ಯವಿಲ್ಲ. ಮನಸ್ಸಿನಲ್ಲಿ ಒಂದು ಪರಲೋಕ ಮಂತ್ರ ಸಾಕು. ಬಲಿಪೂಜೆಯನ್ನು ಅಂದು ಬೆಳಿಗ್ಗೆಯೇ ಅಥವಾ ಸಂಜೆ ಬೇರೆಡೆ ಅರ್ಪಿಸಬಹುದು. ಶಿಬಿರದ ಆವರಣದಿಂದ ಹೊರಗೆ, ಸ್ವಲ್ಪ ದೂರದಲ್ಲಿ 1992ರಲ್ಲಿ ತೆರೆದ ಕಥೋಲಿಕ ಸಂವಾದ ಮತ್ತು ಪ್ರಾರ್ಥನಾ ಕೇಂದ್ರವಿದೆ. ಮಠದ ಪ್ರಸಂಗದ ಬಳಿಕ ಮೂಡಿಬಂದ ಈ ಕೇಂದ್ರದಲ್ಲಿ ಕುಳಿತು ಪ್ರಾರ್ಥಿಸಲು, ಕಂಡದ್ದನ್ನು ಪರಸ್ಪರ ಹಂಚಿಕೊಳ್ಳಲು ಅನುಕೂಲವಿದೆ.

ಪ್ರಾರ್ಥನೆಯಲ್ಲಿ ಒಂದು ಎಚ್ಚರ ಇರಲಿ. ಯೆಹೂದ್ಯರ ಮೇಲಿನ ದ್ವೇಷವನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಖಂಡಿಸಿತು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಸ್ಪಷ್ಟಪಡಿಸಿತು. ಶತಮಾನಗಳ ಕಾಲ ಕ್ರೈಸ್ತರ ಬಾಯಲ್ಲಿ ಬಂದ ಕಠಿಣ ಮಾತುಗಳು ಆ ದ್ವೇಷಕ್ಕೆ ನೆಲ ಹದ ಮಾಡಿದ್ದವು. ಆದುದರಿಂದ ಅಲ್ಲಿ ನಮ್ಮ ಪ್ರಾರ್ಥನೆಯಲ್ಲಿ ಸತ್ತವರ ಸ್ಮರಣೆಯ ಜೊತೆಗೆ ಕ್ಷಮಾಯಾಚನೆಯೂ ಇರಬೇಕು.

ಊರಿಗೆ ಮರಳಿದ ಮೇಲೆ

ದೂರದ ದೇಶದ ಈ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ಕಂದಕಕ್ಕೆ ಬಿದ್ದು 158 ಮಂದಿ ತೀರಿಕೊಂಡದ್ದನ್ನು ನಾವು ಮರೆತಿಲ್ಲ. ಕೂಳೂರಿನ ಬಳಿ ನದಿಯ ದಡದಲ್ಲಿ ಅವರ ಸ್ಮಾರಕವಿದೆ. ಅಪಘಾತಕ್ಕೂ ನರಮೇಧಕ್ಕೂ ಹೋಲಿಕೆ ಇಲ್ಲ. ಆದರೆ ಆ ಸ್ಮಾರಕದ ಮುಂದೆ ಹೊರಗಿನವರು ಯಾರಾದರೂ ನಗುತ್ತಾ ಫೋಟೊ ತೆಗೆಸಿಕೊಂಡರೆ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ನೋವಾಗುತ್ತದೆಂದು ಯೋಚಿಸಿದರೆ ಸಾಕು, ಉಳಿದದ್ದನ್ನು ಹೇಳಬೇಕಾಗಿಲ್ಲ.

ಯಾತ್ರೆಯಿಂದ ಮರಳಿದವರು ಧರ್ಮಕೇಂದ್ರದಲ್ಲಿ ಚಿತ್ರಗಳನ್ನು ತೋರಿಸುವ ವಾಡಿಕೆ ಇದೆ. ಲೂರ್ದ್, ರೋಮ್‌ಗಳ ಚಿತ್ರಗಳ ನಡುವೆ ಆಶ್ವಿಟ್ಜ್‌ನ ಚಿತ್ರವನ್ನು ಸೇರಿಸಬೇಡಿ. ಅದನ್ನು ಬೇರೆಯೇ ದಿನ, ಯುವಜನರ ಸಭೆಯಲ್ಲಿ ಅಥವಾ ಕ್ರೈಸ್ತ ಶಿಕ್ಷಣದ ದೊಡ್ಡ ತರಗತಿಯಲ್ಲಿ ಹೇಳಿ. ಹೇಳುವಾಗ ಒಂದು ಜನಾಂಗವನ್ನು ದ್ವೇಷಿಸುವ ಮಾತು ಹೇಗೆ ಆರಂಭವಾಗಿ ಎಲ್ಲಿಗೆ ತಲುಪಿತು ಎಂಬುದನ್ನು ಹೇಳಿ. ಪ್ರತಿ ವರ್ಷ ಜನವರಿ 27ಕ್ಕೆ ಹತ್ತಿರದ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರಿಗಾಗಿ ಒಂದು ವಾಕ್ಯ ಸೇರಿಸುವುದೂ ಕಷ್ಟವಲ್ಲ.

ಅಂದು ಬಿರ್ಕೆನಾವಿನಲ್ಲಿ ನಾವು ಬ್ಯಾನರ್ ಮಡಚಿ ಹೊರಟಾಗ ಹಿಂತಿರುಗಿ ನೋಡಿದೆವು. ಆ ವೃದ್ಧರು ಕಾಗದವನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದು, ನಿಲ್ಲಿಸಿದ ಹೆಸರಿನಿಂದಲೇ ಓದಲು ಶುರು ಮಾಡಿದ್ದರು. ಮುಂದೆ ಹೋಗುವ ನಮ್ಮ ಯಾತ್ರಿಕರಿಂದ ಅಂಥ ಓದು ಎಂದೂ ನಿಲ್ಲದಿರಲಿ.